ಡೆಕ್‌ಗೆ ಹಚ್ಚಿದ ಆಯಿಲ್ ಸ್ಟೇನ್: ಮೂರು ಚಳಿಗಾಲ ಕಳೆದ ಮೇಲೆ

ನ್ಯೂಜೆರ್ಸಿಯ ನಮ್ಮ ಮನೆಯ ಹಿಂದೆ 12ಕ್ಕೆ 16 ಅಡಿಯ ಪೈನ್ ಮರದ ಡೆಕ್, ಅಂದರೆ ಹಲಗೆ ಹಾಸಿದ ತೆರೆದ ಜಗಲಿ ಇದೆ, 2006ರಲ್ಲಿ ಕಟ್ಟಿದ್ದು. ಮನೆ ಕೊಂಡ ಹೊಸದರಲ್ಲಿ ಒಬ್ಬ ಕಂಟ್ರಾಕ್ಟರ್ ಬಂದು ಮರವೇ ಕಾಣದಂತೆ ಮುಚ್ಚುವ ದಪ್ಪನೆಯ ಬಣ್ಣ, ಸಾಲಿಡ್ ಸ್ಟೇನ್ ಬಳಿದು ಹೋದ. ಹಿಂದಿನ ದಿನ ಮಳೆ ಬಂದಿತ್ತು. ಹಲಗೆ ಒಣಗಿದೆಯಾ ಅಂತ ಅವನು ನೋಡಲಿಲ್ಲ, ನಾನೂ ಕೇಳಲಿಲ್ಲ. ಒಂದೇ ಚಳಿಗಾಲಕ್ಕೆ ಬಣ್ಣ ಹಪ್ಪಳದ ಹಾಗೆ ಉಬ್ಬಿ ಎದ್ದಿತು.

2022ರ ಬೇಸಿಗೆಯಲ್ಲಿ ನಾನೇ ಅದನ್ನೆಲ್ಲ ತೆಗೆದು, ಮರದೊಳಗೆ ಇಳಿಯುವ, ಮರದ ಗೆರೆ ಕಾಣುವಂತೆ ಬಿಡುವ ಎಣ್ಣೆ ಬಣ್ಣ (ಸೆಮಿ-ಟ್ರಾನ್ಸ್‌ಪರೆಂಟ್ ಆಯಿಲ್ ಸ್ಟೇನ್) ಹಚ್ಚಿದೆ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ.

ಹಚ್ಚುವುದು ಒಂದು ಬೆಳಗಿನ ಕೆಲಸ. ಅದಕ್ಕೆ ಮುಂಚಿನದು ಎರಡು ತಿಂಗಳು ಹಿಡಿಯಿತು. ಸ್ಕ್ರೂಡ್ರೈವರ್‌ನಿಂದ ಪ್ರತಿ ಹಲಗೆ ಚುಚ್ಚಿ ನೋಡಿದೆ. ಒಂಬತ್ತು ಹಲಗೆಗಳಲ್ಲಿ ಬೆಣ್ಣೆಗೆ ಇಳಿದಂತೆ ಇಳಿಯಿತು. ಅವನ್ನು ಕಿತ್ತು ಹೊಸದು ಹಾಕಿದೆ. ಹಳೆಯ ಮೊಳೆಗಳು ತುಕ್ಕು ಹಿಡಿದು ಅರ್ಧ ಮೇಲೆ ಬಂದಿದ್ದವು. ಈಗಿನ ಟ್ರೀಟೆಡ್, ಅಂದರೆ ಕೊಳೆಯದಂತೆ ಔಷಧಿ ಹೊಡೆದ ಮರದಲ್ಲಿ ತಾಮ್ರ ಜಾಸ್ತಿ, ಅದು ಸಾದಾ ಕಬ್ಬಿಣವನ್ನು ಬೇಗ ತಿನ್ನುತ್ತದೆ. ಹಾಗಾಗಿ ಸ್ಟೇನ್‌ಲೆಸ್ ಸ್ಕ್ರೂ ತಂದೆ. ಜೇಬಿಗೆ ಭಾರ, ಆದರೆ ಒಂದೂ ಕಪ್ಪಾಗಿಲ್ಲ.

ಹಳೆ ಬಣ್ಣ ಸ್ಟ್ರಿಪ್ಪರ್‌ಗೆ (ಬಣ್ಣ ಬಿಡಿಸುವ ದ್ರವ) ಮುಕ್ಕಾಲು ಪಾಲು ಬಂತು, ಉಳಿದದ್ದನ್ನು ಮಾಸ್ಕ್ ಹಾಕಿಕೊಂಡು ಮರಳು ಕಾಗದದಿಂದ ಉಜ್ಜಿದೆ. ನಿಮ್ಮ ಡೆಕ್ 2004ಕ್ಕಿಂತ ಹಳೆಯದಾದರೆ ಉಜ್ಜುವ ಸಾಹಸ ಬೇಡ. ಆಗಿನ ಮರಕ್ಕೆ ಆರ್ಸೆನಿಕ್ ಇರುವ ಔಷಧಿ ಹೊಡೆದಿರುವ ಸಾಧ್ಯತೆ ಹೆಚ್ಚು. ಕೊನೆಗೆ ಆಕ್ಸಾಲಿಕ್ ಆಸಿಡ್ ನೀರು ಹಾಕಿ ತೊಳೆದ ಮೇಲೆ ಬೂದು ಬಣ್ಣ ಹೋಗಿ ಮರ ಮರದಂತೆ ಕಂಡಿತು.

ಆಮೇಲೆ ಸುಮ್ನೆ ಕಾದೆ. ಹೊಸ ಹಲಗೆಗಳು ಒದ್ದೆಯಾಗಿಯೇ ಅಂಗಡಿಯಿಂದ ಬರುತ್ತವೆ. ನಾಲ್ಕು ಹನಿ ನೀರು ಹಾಕಿ ನೋಡಿ: ಮರ ಕುಡಿದುಬಿಟ್ಟರೆ ಸ್ಟೇನನ್ನೂ ಕುಡಿಯುತ್ತದೆ, ಮಣಿಯಂತೆ ಕೂತರೆ ಇನ್ನೂ ಕಾಯಬೇಕು. ಒಂದೇ ಕೋಟ್ ಹಚ್ಚಿ, ಹೀರದೆ ಉಳಿದದ್ದನ್ನು ಬಟ್ಟೆಯಿಂದ ಒರೆಸಿದೆ. ಆ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆಯಬೇಡಿ. ಎಣ್ಣೆ ಒಣಗುವಾಗ ಬಿಸಿಯಾಗಿ ತಾನಾಗಿಯೇ ಬೆಂಕಿ ಹತ್ತಬಹುದು. ನಾನು ಒಂದೊಂದಾಗಿ ಬೇಲಿಯ ಮೇಲೆ ಹರವಿದೆ.

ಆ ಬೇಸಿಗೆಯಲ್ಲಿ ಅಮ್ಮ ಕುಂದಾಪುರದಿಂದ ಬಂದಿದ್ದರು. ವಾಸನೆಗೆ ಮೂಗು ಮುಚ್ಚಿಕೊಂಡು, "ಗೇರೆಣ್ಣೆ ಹಚ್ಚಿದ ದೋಣಿ ಕಂಡ ಹಾಗೆ ಆಯ್ತಲ್ಲ ಮಗಾ" ಅಂದರು. ಸಂಡಿಗೆ ಒಣಗಿಸಲು ಜಾಗ ಹೋಯಿತು ಅನ್ನುವ ಬೇಜಾರು ಅವರದು. ವಾಸನೆ ಹೋಗಲು ಒಂದು ವಾರ ಬೇಕಾಯಿತು. ಒಂದು ಸ್ಟಾರ್ ಕಡಿಮೆ ಮಾಡಿದ್ದಕ್ಕೆ ಅದೂ ಒಂದು ಕಾರಣ. ಇನ್ನೊಂದು, ಹಳೆ ಮತ್ತು ಹೊಸ ಹಲಗೆಗಳ ಬಣ್ಣ ಇವತ್ತಿಗೂ ಒಂದಾಗಿಲ್ಲ.

ಎರಡನೇ ಚಳಿಗಾಲ ಮುಗಿದಾಗ ಬಾಗಿಲ ಮುಂದೆ, ಹಿಮ ಎತ್ತುವ ಸಲಿಕೆ ಓಡಾಡುವ ಜಾಗದಲ್ಲಿ ಬಣ್ಣ ಮಾಸಿತ್ತು. ಮಾಸಿತ್ತು ಅಷ್ಟೇ, ಸಿಪ್ಪೆ ಎದ್ದಿರಲಿಲ್ಲ. ನನಗೆ ಇಷ್ಟವಾದದ್ದು ಇದೇ. ಮರದ ಮೇಲೆ ಪದರವೇ ಇಲ್ಲದಿದ್ದರೆ ಏಳುವುದು ಏನು, ಅಲ್ವಾ? ತೊಳೆದು, ಒಣಗಿಸಿ, ಅಷ್ಟು ಭಾಗಕ್ಕೆ ಮಾತ್ರ ಮತ್ತೊಂದು ಕೋಟ್ ಕೊಟ್ಟೆ. ಕೆರೆಯುವ ಕೆಲಸವೇ ಬರಲಿಲ್ಲ.

ಡೆಕ್ ಸುತ್ತಲಿನ ರೇಲಿಂಗ್ ಕಂಬಿಗಳು ಹಾಗೇ ಚೆನ್ನಾಗಿವೆ. ಈ ವರ್ಷ ಮೆಟ್ಟಿಲಿಗೆ ಹಚ್ಚಬೇಕು. ಗರಾಜಿನಲ್ಲಿ ಇನ್ನೂ ಕಾಲು ಡಬ್ಬಿ ಇದೆ, ಸಾಕಾಗಬಹುದು.