ಮ್ಯಾಸ್ಟೊಡಾನ್ ಮೂರು ವರ್ಷ ಬಳಸಿದ ಮೇಲೆ: ಪೋಸ್ಟ್ ಎಲ್ಲಿಗೆ ಮುಟ್ಟುತ್ತದೆ, ಎಲ್ಲಿಗೆ ಇಲ್ಲ

ನಾನು ಗಂಗಾವತಿಯವನು. 2022ರ ಕೊನೆಯಲ್ಲಿ ಮ್ಯಾಸ್ಟೊಡಾನ್‌ಗೆ ಬಂದೆ. ಇದು ಟ್ವಿಟರ್ ತರಹದ ಜಾಲತಾಣ, ಆದರೆ ಒಂದೇ ಕಂಪನಿಯದಲ್ಲ. ಬೇರೆ ಬೇರೆಯವರು ನಡೆಸುವ ಸರ್ವರ್‌ಗಳು (ಪೋಸ್ಟ್ ಇಡುವ ಕಂಪ್ಯೂಟರ್‌ಗಳು) ಒಂದಕ್ಕೊಂದು ಪೋಸ್ಟ್ ಕಳಿಸಿಕೊಳ್ಳುತ್ತವೆ. ಆನೆಗೊಂದಿ, ಹಿರೇಬೆಣಕಲ್ಲಿನ ಫೋಟೊ ಹಾಕುತ್ತೇನೆ, ಕನ್ನಡದಲ್ಲಿ ಬರೆಯುವವರನ್ನು ಹುಡುಕಿ ಫಾಲೋ ಮಾಡುತ್ತೇನೆ. ಜಾಹೀರಾತಿಲ್ಲ. ಹೊಸದು ಮೇಲೆ, ಹಳೆಯದು ಕೆಳಗೆ. ಇದು ನನಗೆ ತುಂಬಾ ಇಷ್ಟ. ಆದರೆ ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಪೋಸ್ಟ್ ಹೇಗೆ ಹೋಗುತ್ತದೆ ಅಂತ ತಿಳಿಯದೆ ಮೊದಲ ವರ್ಷ ಒದ್ದಾಡಿದೆ.

ತುಂಗಭದ್ರಾ ಎಡದಂಡೆ ಕಾಲುವೆ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ತೂಬು ಎತ್ತಿದ ಕಡೆಗೇ ನೀರು, ಅಲ್ವಾ? ಇಲ್ಲಿ ಫಾಲೋ ಮಾಡುವುದೇ ತೂಬು ಎತ್ತಿದ ಹಾಗೆ. ಸಿಂಧನೂರಿನ ನಮ್ಮ ಮಾವ, ಅವರ ಮಗನ ಗೆಳೆಯರು ನಡೆಸುವ ಚಿಕ್ಕ ಸರ್ವರ್‌ನಲ್ಲಿದ್ದಾರೆ. ಅಲ್ಲಿ ಒಬ್ಬರಾದರೂ ನನ್ನನ್ನು ಫಾಲೋ ಮಾಡಿದರೆ, ಅವತ್ತಿನಿಂದ ನನ್ನ ಪೋಸ್ಟಿನ ಒಂದೊಂದು ಪ್ರತಿ ಅಲ್ಲಿಗೆ ಹೋಗುತ್ತದೆ. ಅದಕ್ಕೆ ಮುಂಚಿನವು ತಾವಾಗಿ ಹೋಗುವುದಿಲ್ಲ. ಮಾವ ಮೊದಲ ಸಲ ನನ್ನ ಪ್ರೊಫೈಲ್ ತೆರೆದಾಗ ಖಾಲಿ ಕಂಡಿತ್ತು. 'ಏನೂ ಬರದೇ ಇಲ್ಲಲ್ಲಪಾ' ಅಂದರು. ನನ್ನ ಕಡೆ ನೂರಾರು ಪೋಸ್ಟ್ ಇದ್ದವು! ಹಳೆಯದು ಬೇಕಾದರೆ ಆ ಪೋಸ್ಟಿನ ಲಿಂಕ್ ಕಾಪಿ ಮಾಡಿ, ನಿಮ್ಮ ಸರ್ವರ್‌ನ ಹುಡುಕಾಟದಲ್ಲಿ ಹಾಕಿ. ಆಗ ಬರುತ್ತದೆ.

ಉತ್ತರಗಳ ಕಥೆ ಇನ್ನೂ ತೊಡಕು. ಹಿರೇಬೆಣಕಲ್ಲಿನ ಕಲ್ಲುಮನೆಗಳ ಒಂದು ಫೋಟೊಗೆ ನನಗೆ 11 ಉತ್ತರ ಕಂಡವು, ಮಾವನಿಗೆ 4. ಯಾರು ಎಲ್ಲಿಂದ ಉತ್ತರಿಸಿದರೂ ಅದು ಮೂಲ ಪೋಸ್ಟ್ ಹಾಕಿದವರ ಸರ್ವರ್‌ಗೆ ಬರುತ್ತದೆ. ಬೇರೆ ಸರ್ವರ್‌ಗಳಿಗೆ ಎಲ್ಲವೂ ಮುಟ್ಟುವುದಿಲ್ಲ. ಮೆಚ್ಚುಗೆಯ ಲೆಕ್ಕವೂ ಹೀಗೇ. ಈಚಿನ ಆವೃತ್ತಿಗಳಲ್ಲಿ ಉಳಿದ ಉತ್ತರಗಳನ್ನು ಹುಡುಕಿ ತರುವ ವ್ಯವಸ್ಥೆ ಬಂದಿದೆ. ಆದರೆ ಸರ್ವರ್ ನಡೆಸುವವರು ಅಪ್‌ಡೇಟ್ ಮಾಡಿರಬೇಕು.

ನನಗೆ ನಿಜಕ್ಕೂ ನೋವಾಗಿದ್ದು 2024ರ ಆಗಸ್ಟ್‌ನಲ್ಲಿ. 10ನೇ ತಾರೀಕು ರಾತ್ರಿ ಟಿ.ಬಿ. (ತುಂಗಭದ್ರಾ) ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತು. ಬೆಳಿಗ್ಗೆ ಯಾರೋ ಹೇಳಿದ್ದನ್ನು ನಂಬಿ, 'ಇನ್ನೆರಡು ಗೇಟೂ ಹೋಗಿವೆ' ಅಂತ ಬರೆದುಬಿಟ್ಟೆ. ನಿಜವಾಗಿ ಒತ್ತಡ ಇಳಿಸಲು ಉಳಿದ ಗೇಟುಗಳನ್ನು ತೆರೆದು ನೀರು ಬಿಡುತ್ತಿದ್ದರು. ಅರ್ಧ ಗಂಟೆಯಲ್ಲಿ ತಿದ್ದಿದೆ. ಅಷ್ಟರಲ್ಲಿ ಮಾವನ ಸರ್ವರ್ ಕೆಟ್ಟು ನಿಂತು, ಬಿದ್ದಿತ್ತು. ತಪ್ಪು ಮುಟ್ಟಿತ್ತು, ತಿದ್ದಿದ್ದು ಮುಟ್ಟಿರಲಿಲ್ಲ. ಸಂಜೆ ಫೋನ್ ಬಂತು. 'ಗೇಟೆಲ್ಲಾ ಹೋದವೇನಪಾ? ಭತ್ತಕ್ಕೆ ನೀರು ಸಿಗತದೋ ಇಲ್ಲೋ?' ಆ ದನಿ ಇನ್ನೂ ಕಿವಿಯಲ್ಲಿದೆ. ತಿದ್ದಿದ ಪ್ರತಿ ಅವರಿಗೆ ಕಂಡಿದ್ದು ಮರುದಿನ. ಆಚೆಯ ಸರ್ವರ್ ಬಿದ್ದಿದ್ದರೆ ಈಚೆಯದು ಬಿಟ್ಟು ಬಿಟ್ಟು ಮತ್ತೆ ಕಳಿಸಲು ನೋಡುತ್ತದೆ, ಕೊನೆಗೆ ಕೈಬಿಡುತ್ತದೆ. ಡಿಲೀಟ್ ಕೂಡ ಹೀಗೇ ಹೋಗುವ ಸಂದೇಶ. ಆಚೆಯವರು ಅದನ್ನು ಪಾಲಿಸಬೇಕು, ಅಷ್ಟೇ.

ಹಾಗಂತ ಬಿಟ್ಟು ಹೋಗುವ ಯೋಚನೆ ಇಲ್ಲ. ಇದರ ಕೆಳಗಿರುವ ಆ್ಯಕ್ಟಿವಿಟಿಪಬ್ ಅನ್ನೋ ನಿಯಮ 2018ರಿಂದ, ವೆಬ್‌ನ ಮಾನದಂಡ ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ ಒಪ್ಪಿದ ಮಾನದಂಡ. ಅದರಿಂದಲೇ ಫೋಟೊ ಹಂಚುವ ಬೇರೆ ತಾಣವಾದ ಪಿಕ್ಸೆಲ್‌ಫೆಡ್‌ನಲ್ಲಿರುವವರನ್ನೂ ನಾನು ಇಲ್ಲಿಂದಲೇ ಫಾಲೋ ಮಾಡುತ್ತೇನೆ. ಕಳೆದ ವರ್ಷ ಸರ್ವರ್ ಬದಲಿಸಿದಾಗ ಫಾಲೋವರ್‌ಗಳು ಜೊತೆಗೆ ಬಂದರು. ಪೋಸ್ಟ್‌ಗಳು ಬರಲಿಲ್ಲ. ಅವನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

5ಕ್ಕೆ 4 ಕೊಡುತ್ತೇನೆ. ಡ್ಯಾಮ್, ಮಳೆ, ಕಾಲುವೆ ಸುದ್ದಿ ಇದ್ದರೆ ಮಾತ್ರ ಮಾವ ಈಗ ತಮ್ಮ ಸರ್ವರ್‌ನ ಪ್ರತಿಯನ್ನು ನೆಚ್ಚುವುದಿಲ್ಲ. ನನ್ನ ಸರ್ವರ್‌ನ ಮೂಲ ಪುಟವನ್ನೇ ತೆರೆದು ನೋಡುತ್ತಾರೆ.