ಲಿಸ್ಟ್‌ಮಾಂಕ್: ಓದುಗರ ಇ-ಮೇಲ್ ವಿಳಾಸಗಳನ್ನು ಕಾಯ್ದೆಗೆ ತಕ್ಕಂತೆ ನಿರ್ವಹಿಸುವ ತಂತ್ರಾಂಶ

ಇನ್ನೂರು ಓದುಗರಿಗೆ ತಿಂಗಳಿಗೊಮ್ಮೆ ಇ-ಮೇಲ್ ಕಳುಹಿಸುವ ಬರಹಗಾರರಿಗೂ ಲಕ್ಷಾಂತರ ಗ್ರಾಹಕರಿರುವ ಕಂಪನಿಗೂ ಕಾನೂನು ಕೇಳುವ ಮೊದಲ ಪ್ರಶ್ನೆ ಒಂದೇ: ಈ ವ್ಯಕ್ತಿ ಒಪ್ಪಿಗೆ ಕೊಟ್ಟಿದ್ದಕ್ಕೆ ನಿಮ್ಮ ಬಳಿ ಏನು ಆಧಾರವಿದೆ? ಐರೋಪ್ಯ ಒಕ್ಕೂಟದಲ್ಲಿ 2018ರ ಮೇ 25ರಿಂದ ಜಾರಿಯಲ್ಲಿರುವ ದತ್ತಾಂಶ ಸಂರಕ್ಷಣೆಯ ಕಾನೂನಾದ ಜಿಡಿಪಿಆರ್ ಹಾಗೂ ನಮ್ಮ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023 ಎರಡೂ ಒಪ್ಪಿಗೆಯನ್ನು ರುಜುವಾತುಪಡಿಸುವ ಹೊಣೆಯನ್ನು ವಿಳಾಸ ಸಂಗ್ರಹಿಸಿದವರ ಮೇಲೆಯೇ ಹೊರಿಸಿವೆ. ವೈಯಕ್ತಿಕ ಅಥವಾ ಮನೆಯ ಬಳಕೆಗೆ ನಮ್ಮ ಕಾಯ್ದೆ ವಿನಾಯಿತಿ ಕೊಟ್ಟಿದೆ, ನಿಜ. ಆದರೆ ಪರಿಚಯವಿಲ್ಲದ ಓದುಗರ ವಿಳಾಸಗಳನ್ನು ಪಡೆದು ನಿಯಮಿತವಾಗಿ ಬರಹ ಕಳುಹಿಸುವುದು ಆ ವಿನಾಯಿತಿಯೊಳಗೆ ಬರುತ್ತದೆಂದು ನೆಚ್ಚಿ ಕೂರುವುದು ಸರಿಯೆಂದು ನನಗೆ ಅನ್ನಿಸುವುದಿಲ್ಲ. ಕನ್ನಡದ ಬರಹಗಾರರಿಗೆ ಜರ್ಮನಿಯಲ್ಲೋ ನೆದರ್‌ಲೆಂಡ್ಸ್‌ನಲ್ಲೋ ಓದುಗರಿರುವುದು ಈಗ ಸಾಮಾನ್ಯವಾಗಿರುವುದರಿಂದ ಜಿಡಿಪಿಆರ್ ಕೂಡ ದೂರದ ಮಾತಾಗಿ ಉಳಿದಿಲ್ಲ.

ಈ ಹೊಣೆಯನ್ನು ಹೊರಲು ನೆರವಾಗುವ ಸಾಧನಗಳಲ್ಲಿ ಲಿಸ್ಟ್‌ಮಾಂಕ್ ನನಗೆ ಮುಖ್ಯವಾಗಿ ಕಾಣುತ್ತದೆ. ಬೆಂಗಳೂರಿನ ಜೆರೋಧಾ ಸಂಸ್ಥೆಯ ತಂತ್ರಜ್ಞಾನ ಮುಖ್ಯಸ್ಥ ಕೈಲಾಶ್ ನಾಧ್ ಅವರು ರೂಪಿಸಿದ, ಓದುಗರ ಪಟ್ಟಿ ಇಟ್ಟುಕೊಂಡು ಅವರಿಗೆ ಇ-ಮೇಲ್ ಕಳುಹಿಸುವ ಈ ಮುಕ್ತ ತಂತ್ರಾಂಶ 2019ರಿಂದ ಎಲ್ಲರಿಗೂ ಉಚಿತವಾಗಿ ದೊರೆಯುತ್ತಿದೆ. ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಒಂದೇ ಕಡತ, ಜೊತೆಗೆ ಪೋಸ್ಟ್‌ಗ್ರೆಸ್ ದತ್ತಸಂಚಯ ಇದ್ದರೆ ಸಾಕು, ಬಾಡಿಗೆಗೆ ಪಡೆದ ಸಣ್ಣ ಸರ್ವರ್‌ನಲ್ಲೂ ಇದು ನಡೆಯುತ್ತದೆ. ವಿಳಾಸಗಳು ಬೇರೊಂದು ಇ-ಮೇಲ್ ಸೇವೆಯ ಖಾತೆಯಲ್ಲಿ ಕೂರದೆ ನಮ್ಮದೇ ದತ್ತಸಂಚಯದಲ್ಲಿ ಇರುತ್ತವೆ. ಆದರೂ ಸರ್ವರ್ ಬಾಡಿಗೆ ಕೊಟ್ಟವರು ಮತ್ತು ಇ-ಮೇಲ್ ಸಾಗಿಸುವ ಎಸ್‌ಎಂಟಿಪಿ ಸೇವೆಯವರು ನಮ್ಮ ಪರವಾಗಿ ದತ್ತಾಂಶ ನಿರ್ವಹಿಸುವವರೇ ಆಗುತ್ತಾರೆ ಎಂಬುದನ್ನು ಮರೆಯುವಂತಿಲ್ಲ; ಅವರ ಹೆಸರುಗಳನ್ನು ಗೌಪ್ಯತಾ ಸೂಚನೆಯಲ್ಲಿ ತಿಳಿಸುವುದು ಒಳ್ಳೆಯದು.

ಪಟ್ಟಿಯನ್ನು ಸೃಷ್ಟಿಸುವಾಗಲೇ, ವಿಳಾಸ ತುಂಬಿದೊಡನೆ ಪಟ್ಟಿಗೆ ಸೇರಿಸುವ ಸಿಂಗಲ್ ಆಪ್ಟ್‌-ಇನ್ ಬೇಕೋ ಇ-ಮೇಲ್ ಮೂಲಕ ಮತ್ತೊಮ್ಮೆ ದೃಢೀಕರಣ ಕೇಳುವ ಡಬಲ್ ಆಪ್ಟ್‌-ಇನ್ ಬೇಕೋ ಎಂದು ಲಿಸ್ಟ್‌ಮಾಂಕ್ ಕೇಳುತ್ತದೆ. ಎರಡನೆಯದನ್ನೇ ಆರಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಹಾಗೆ ಮಾಡಿದಾಗ ಓದುಗರು ತಮ್ಮ ಅಂಚೆಗೆ ಬಂದ ಕೊಂಡಿಯನ್ನು ಒತ್ತಿ ದೃಢೀಕರಿಸುವವರೆಗೆ ಅವರಿಗೆ ಆ ಪಟ್ಟಿಯ ಬರಹಗಳು ಹೋಗುವುದೇ ಇಲ್ಲ. ಬೇರೆ ಯಾರೋ ಅವರ ವಿಳಾಸವನ್ನು ನಮೂನೆಯಲ್ಲಿ ತುಂಬಿದ್ದರೆ ವಿಷಯ ಅಲ್ಲಿಗೇ ನಿಲ್ಲುತ್ತದೆ. ದೃಢೀಕರಿಸಿದಾಗಿನ ಐಪಿ ವಿಳಾಸವನ್ನು (ಓದುಗರ ಅಂತರ್ಜಾಲ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ದಾಖಲಿಸುವ ಆಯ್ಕೆಯೂ ಇದೆ. ಅದನ್ನು ಬಳಸುವುದಾದರೆ ಐಪಿ ವಿಳಾಸವೂ ವೈಯಕ್ತಿಕ ದತ್ತಾಂಶವೇ ಆದ್ದರಿಂದ ಮೊದಲೇ ಓದುಗರಿಗೆ ಹೇಳಿರಬೇಕು. ಕೊರತೆಯೆಂದರೆ, ಒಪ್ಪಿಗೆ ಕೊಟ್ಟ ದಿನ ನಮೂನೆಯಲ್ಲಿ ಯಾವ ಮಾತುಗಳಿದ್ದವು ಎಂಬುದನ್ನು ಈ ತಂತ್ರಾಂಶ ಇಟ್ಟುಕೊಳ್ಳುವುದಿಲ್ಲ. ಸೂಚನೆಯ ಪಠ್ಯವನ್ನು ಬದಲಿಸಿದಾಗಲೆಲ್ಲ ಹಳೆಯ ಪ್ರತಿಯನ್ನು ದಿನಾಂಕ ಸಮೇತ ನಾವೇ ತೆಗೆದಿರಿಸಬೇಕು.

ನನಗೆ ಅತ್ಯಂತ ಹಿಡಿಸಿರುವುದು ಸೆಟ್ಟಿಂಗ್ಸ್‌ನಲ್ಲಿರುವ ಪ್ರೈವಸಿ ಎಂಬ ಪುಟ. ಓದುಗರು ತಮ್ಮ ವಿವರಗಳನ್ನು ತಾವೇ ತರಿಸಿಕೊಳ್ಳಲು, ತಾವೇ ಅಳಿಸಿಹಾಕಲು, ಮುಂದೆಂದೂ ಅಂಚೆ ಬಾರದಂತೆ ತಡೆಯಲು ಅಲ್ಲಿ ಅವಕಾಶ ಮಾಡಿಕೊಡಬಹುದು. ಓದುಗರು ವಿವರ ಕೇಳಿದರೆ ಅವರ ಪ್ರೊಫೈಲ್, ಚಂದಾಗಳು, ಒತ್ತಿದ ಕೊಂಡಿಗಳ ಲೆಕ್ಕ ಇವುಗಳಲ್ಲಿ ನಾವು ಅನುಮತಿಸಿದ್ದೆಲ್ಲವೂ ಜೇಸನ್ ಎಂಬ ಪಠ್ಯರೂಪದ ಕಡತವಾಗಿ ಅವರ ಇ-ಮೇಲ್‌ಗೇ ಹೋಗುತ್ತದೆ. ಮಾಹಿತಿ ಪಡೆಯುವ ಮತ್ತು ಅಳಿಸುವ ಹಕ್ಕುಗಳನ್ನು ಎರಡೂ ಕಾನೂನುಗಳು ಕೊಟ್ಟಿವೆ. ಇಲ್ಲಿ ಆ ಹಕ್ಕನ್ನು ಚಲಾಯಿಸಲು ಓದುಗರು ಯಾರಿಗೂ ಅರ್ಜಿ ಬರೆದು ಕಾಯಬೇಕಿಲ್ಲ. ಒಬ್ಬೊಬ್ಬ ಓದುಗರು ಏನನ್ನು ತೆರೆದರು ಎಂದು ಗುರುತಿಸುವ ಟ್ರ್ಯಾಕಿಂಗ್ ಮೊದಲಿನಿಂದಲೇ ನಿಷ್ಕ್ರಿಯವಾಗಿರುತ್ತದೆ, ಇದು ಮೆಚ್ಚತಕ್ಕ ನಿರ್ಧಾರ. ಆದರೆ ಲಿಸ್ಟ್‌ಮಾಂಕ್ ಕೊಡುವ ಇ-ಮೇಲ್‌ನ ಮೂಲ ಟೆಂಪ್ಲೇಟ್‌ನ ಕೊನೆಯಲ್ಲಿ ಟ್ರ್ಯಾಕ್‌ವ್ಯೂ ಎಂಬ ಸಾಲೊಂದಿದ್ದು, ಎಷ್ಟು ಸಲ ಇ-ಮೇಲ್ ತೆರೆಯಲಾಯಿತು ಎಂದು ಎಣಿಸುವ ಕಾಣದ ಚಿತ್ರವನ್ನು ಅದು ಸೇರಿಸುತ್ತದೆ. ಆ ಎಣಿಕೆ ಬೇಡದವರು ಆ ಸಾಲನ್ನೂ ತೆಗೆದುಹಾಕುವುದು ಒಳ್ಳೆಯದು.

ಚಂದಾದಿಂದ ಹೊರಬರುವುದು ಒಳಬಂದಷ್ಟೇ ಸುಲಭವಾಗಿರಬೇಕೆಂದು ಎರಡೂ ಕಾನೂನುಗಳು ಸ್ಪಷ್ಟವಾಗಿ ಹೇಳುತ್ತವೆ. ಲಿಸ್ಟ್‌ಮಾಂಕ್ ಅದಕ್ಕೆ ಬೇಕಾದ, ಇ-ಮೇಲ್ ಜೊತೆ ಕಾಣದಂತೆ ಹೋಗುವ ಹೆಡರ್‌ಗಳನ್ನು ಸೇರಿಸುವುದರಿಂದ ಜಿಮೇಲ್ ತನ್ನ ಅನ್‌ಸಬ್‌ಸ್ಕ್ರೈಬ್ ಗುಂಡಿಯನ್ನು ಇ-ಮೇಲ್‌ನ ನೆತ್ತಿಯಲ್ಲೇ ತೋರಿಸಬಲ್ಲದು. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಇ-ಮೇಲ್ ಕಳುಹಿಸುವವರಿಗೆ ಗೂಗಲ್ 2024ರಲ್ಲಿ ಕಡ್ಡಾಯ ಮಾಡಿದ ಈ ಸೌಲಭ್ಯ ಸಣ್ಣ ಪಟ್ಟಿಗೂ ತಕ್ಕುದೇ.

ಎಚ್ಚರ ಬೇಕಾಗಿರುವುದು ವಿಳಾಸಗಳ ಪಟ್ಟಿಯಿರುವ ಹಳೆಯ ಸಿಎಸ್‌ವಿ ಕಡತಗಳ ವಿಷಯದಲ್ಲಿ. ಇಂಪೋರ್ಟ್ ಪುಟದಲ್ಲಿ ಎಲ್ಲ ವಿಳಾಸಗಳನ್ನೂ ದೃಢೀಕರಿಸಿದವು ಎಂದು ಗುರುತಿಸಲು ಅವಕಾಶವಿದೆ. ಹಾಗೆ ಗುರುತಿಸಿದರೆ ಇಲ್ಲದ ಒಪ್ಪಿಗೆಯನ್ನು ನಾವೇ ಬರೆದುಕೊಂಡಂತಾಗುತ್ತದೆ. ಅಳಿಸುವ ಗುಂಡಿಯ ಪರಿಣಾಮವನ್ನೂ ಅರಿತಿರಬೇಕು. ವಿವರಗಳನ್ನು ಪೂರ್ತಿ ಅಳಿಸಿಕೊಂಡ ಓದುಗರ ನೆನಪೇ ತಂತ್ರಾಂಶಕ್ಕೆ ಉಳಿಯದ ಕಾರಣ, ನಾಳೆ ಹಳೆಯ ಕಡತವೊಂದನ್ನು ಮತ್ತೆ ಏರಿಸಿದರೆ ಅವರ ವಿಳಾಸ ಸದ್ದಿಲ್ಲದೆ ಮರಳಿ ಬರುತ್ತದೆ. ದತ್ತಸಂಚಯದ ಬ್ಯಾಕಪ್‌ಗಳ ವಿಷಯದಲ್ಲೂ ಹೀಗೆಯೇ. ಕಡತಗಳನ್ನು ನಾಶಮಾಡುವುದು, ಬ್ಯಾಕಪ್‌ಗಳಿಗೆ ಅವಧಿ ನಿಗದಿಪಡಿಸುವುದು ನಮ್ಮ ಕೆಲಸ.

ಒಪ್ಪಿಗೆಯ ಕೋರಿಕೆಯನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಜನರಿಗೆ ಇರಬೇಕೆಂದು ನಮ್ಮ ಕಾಯ್ದೆ ಹೇಳುತ್ತದೆ. ಕನ್ನಡ ಆ ಅನುಸೂಚಿಯಲ್ಲಿದೆ. ಲಿಸ್ಟ್‌ಮಾಂಕ್‌ನ ಪುಟಗಳ ಮಾತುಗಳೆಲ್ಲ ಒಂದು ಭಾಷಾ ಕಡತದಲ್ಲಿರುವುದರಿಂದ ನಮ್ಮದೇ ಕನ್ನಡ ಕಡತವನ್ನು ಅದಕ್ಕೆ ಕೊಡಬಹುದು. ದೃಢೀಕರಣದ ಇ-ಮೇಲ್‌ನಿಂದ ಹಿಡಿದು ಬೀಳ್ಕೊಡುವ ಪುಟದವರೆಗೆ ಎಲ್ಲವನ್ನೂ ಕನ್ನಡದಲ್ಲಿಡಲು ಸಾಧ್ಯವಾಗುವುದು, ಕನ್ನಡದಲ್ಲಿ ಬರೆಯುವವರಿಗೆ ಈ ತಂತ್ರಾಂಶವನ್ನು ಆರಿಸಿಕೊಳ್ಳಲು ಬಲವಾದ ಕಾರಣ.

ಸರ್ವರ್ ನೋಡಿಕೊಳ್ಳುವ ಅಭ್ಯಾಸವಿಲ್ಲದವರಿಗೆ ಮಾತ್ರ ನಾನು ಇದನ್ನು ಸೂಚಿಸಲಾರೆ. ದತ್ತಾಂಶಕ್ಕೆ ಸೂಕ್ತ ಭದ್ರತೆ ಒದಗಿಸದೆ ಸೋರಿಕೆಯಾದರೆ ಕಾಯ್ದೆಯಲ್ಲಿ 250 ಕೋಟಿ ರೂಪಾಯಿಗಳವರೆಗೆ ದಂಡಕ್ಕೆ ಅವಕಾಶವಿದೆ, ಸೋರಿಕೆಯನ್ನು ದತ್ತಾಂಶ ಸಂರಕ್ಷಣಾ ಮಂಡಳಿಗೂ ಬಾಧಿತರಿಗೂ ತಿಳಿಸುವುದು ಕಡ್ಡಾಯ. ನವೀಕರಣಗಳನ್ನು ಹಾಕದೆ ಬಿಟ್ಟ ಸ್ವಂತ ಸರ್ವರ್‌ಗಿಂತ, ಡಬಲ್ ಆಪ್ಟ್‌-ಇನ್ ಮತ್ತು ದತ್ತಾಂಶ ನಿರ್ವಹಣೆಯ ಲಿಖಿತ ಒಪ್ಪಂದ ಎರಡನ್ನೂ ಕೊಡುವ ಸಿದ್ಧ ಸೇವೆಗೆ ತಿಂಗಳ ಶುಲ್ಕ ಕಟ್ಟುವುದು ಅಂಥವರ ಓದುಗರಿಗೆ ಹೆಚ್ಚು ಕ್ಷೇಮ.