ಲೀನಿಯಾ ಟಿ-ಜೆಟ್‌ಗೆ ಆಫ್ಟರ್‌ಮಾರ್ಕೆಟ್ ವೇಸ್ಟ್‌ಗೇಟ್ ಆಕ್ಚುಯೇಟರ್: ಐದು ವರ್ಷ, 46,000 ಕಿ.ಮೀ. ಓಡಿಸಿದ ಮೇಲೆ

ನನ್ನದು 2011ರ ಫಿಯೆಟ್ ಲೀನಿಯಾ ಟಿ-ಜೆಟ್. 1.4 ಲೀಟರ್ ಟರ್ಬೊ ಪೆಟ್ರೋಲ್. ಕಂಪನಿ ಲೆಕ್ಕದಲ್ಲಿ 114 ಪಿಎಸ್, 207 ಎನ್‌ಎಂ ಟಾರ್ಕ್. ಸೆಕೆಂಡ್ ಹ್ಯಾಂಡ್ ತಗೊಂಡಾಗಿನಿಂದ ಇದರ ಪಿಕಪ್ಪಿಗೆ ಮನಸೋತಿದ್ದೇನೆ. 2200 ಆರ್‌ಪಿಎಂ ದಾಟಿದರೆ ಸಾಕು, ತುಂಬಿದ ಗಾಡಿ ಅನ್ನೋದೇ ಮರೆತುಹೋಗುತ್ತದೆ.

78,000 ಕಿ.ಮೀ. ಹೊತ್ತಿಗೆ ಆ ಖುಷಿ ಕಮ್ಮಿಯಾಯಿತು. ಶುರುವಿನ ಎಳೆತ ಹಾಗೇ ಇತ್ತು, ಆದರೆ 4000 ದಾಟಿದ ಮೇಲೆ ಗಾಡಿ ಸುಸ್ತಾದ ಹಾಗೆ. ಬೂಸ್ಟ್, ಅಂದರೆ ಟರ್ಬೊ ಎಂಜಿನ್ನಿಗೆ ತಳ್ಳುವ ಗಾಳಿಯ ಒತ್ತಡ, ತೋರಿಸುವ ಗೇಜ್ ಹಾಕಿಸಿ ನೋಡಿದೆ. 3000ದಲ್ಲಿ 0.8 ಬಾರ್ ತೋರಿಸುವ ಮುಳ್ಳು 5000ಕ್ಕೆ ಬರುವಷ್ಟರಲ್ಲಿ 0.45ಕ್ಕೆ ಇಳಿದಿರುತ್ತಿತ್ತು. ಮೇಲಿನ ಆರ್‌ಪಿಎಂನಲ್ಲಿ ಬೂಸ್ಟ್ ಸ್ವಲ್ಪ ಇಳಿಯುವುದು ಸಹಜ. ಇಷ್ಟೊಂದು ಇಳಿಯುವುದು ಸಹಜ ಅಲ್ಲ.

ವೇಸ್ಟ್‌ಗೇಟ್ ಅಂದರೆ ಕೆರೆಗೆ ಕೋಡಿ ಇದ್ದ ಹಾಗೆ. ಎಂಜಿನ್ನಿಂದ ಬರುವ ಬಿಸಿ ಹೊಗೆ ಟರ್ಬೊದ ಟರ್ಬೈನ್ ಚಕ್ರ ತಿರುಗಿಸುತ್ತದೆ, ಅದರ ಬಲದಿಂದಲೇ ಟರ್ಬೊ ಎಂಜಿನ್ನಿಗೆ ಗಾಳಿ ತಳ್ಳುತ್ತದೆ. ಸಾಕಷ್ಟು ಬೂಸ್ಟ್ ಬಂದ ಮೇಲೆ ಹೆಚ್ಚುವರಿ ಹೊಗೆ ಟರ್ಬೈನ್ ಮುಟ್ಟದೆ ಪಕ್ಕದಿಂದ ಹೋಗಬೇಕು. ಆ ಪಕ್ಕದ ದಾರಿಗೆ ಒಂದು ಪುಟ್ಟ ಬಾಗಿಲು. ಬಾಗಿಲನ್ನು ಮುಚ್ಚಿ ಹಿಡಿಯುವುದು ಆಕ್ಚುಯೇಟರ್ ಡಬ್ಬಿಯೊಳಗಿನ ಸ್ಪ್ರಿಂಗ್. ತೆರೆಯುವುದು ಅದೇ ಡಬ್ಬಿಯ ಡಯಾಫ್ರಾಮ್ (ಬಾಗುವ ಪೊರೆ) ಮೇಲೆ ಬೀಳುವ ಬೂಸ್ಟ್ ಒತ್ತಡ. ಸ್ಪ್ರಿಂಗ್ ಸೋತರೆ ಹೊಗೆಯ ಒತ್ತಡವೇ ಬಾಗಿಲು ತಳ್ಳಿಕೊಂಡು ಹೋಗುತ್ತದೆ. ಕೋಡಿ ಕಲ್ಲು ಕುಸಿದರೆ ಕೆರೆ ತುಂಬುವುದೇ ಇಲ್ಲ, ಅಲ್ವಾ? ನನ್ನ ಕಾರಿನಲ್ಲೂ ಅದೇ ಆಗಿತ್ತು.

ಇದನ್ನು ಸುಮ್ನೆ ಊಹೆಯ ಮೇಲೆ ನಿರ್ಧಾರ ಮಾಡಲಿಲ್ಲ. ಗೇಜ್ ಇರುವ ಕೈಪಂಪನ್ನು ಆಕ್ಚುಯೇಟರ್ ಮೂತಿಗೆ ಸಿಕ್ಕಿಸಿ ಮೆಲ್ಲಗೆ ಗಾಳಿ ಬಿಟ್ಟೆವು. 0.2 ಬಾರ್ ಬಂದ ಕೂಡಲೇ ಡಬ್ಬಿಯನ್ನು ಬಾಗಿಲಿಗೆ ಜೋಡಿಸುವ ರಾಡ್ ಅಲುಗಾಡಿತು. ಇದೇ ಮಾಡೆಲ್ ಇರುವ ಗೆಳೆಯನ ಕಾರಿನಲ್ಲಿ ಹತ್ತಿರ ಹತ್ತಿರ 0.4 ಆಗುವವರೆಗೂ ರಾಡ್ ಕದಲಲಿಲ್ಲ. ಟರ್ಬೊ ಬಿಚ್ಚುವ ಮುಂಚೆ ಈ ಒಂದು ಪರೀಕ್ಷೆ ಮಾಡಿ ಅಂತ ಎಲ್ಲರಿಗೂ ಕೇಳಿಕೊಳ್ಳುತ್ತೇನೆ. ಹತ್ತು ನಿಮಿಷದ ಕೆಲಸ. ನನಗೆ ಒಬ್ಬರು ಇಡೀ ಟರ್ಬೊ ಬದಲಿಸಬೇಕು ಅಂದಿದ್ದರು.

ಭಾರತದಲ್ಲಿ ಫಿಯೆಟ್ ಕಾರುಗಳ ಮಾರಾಟವೇ ನಿಂತಿರುವಾಗ ಒರಿಜಿನಲ್ ಆಕ್ಚುಯೇಟರ್ ಬಿಡಿಯಾಗಿ ಎಲ್ಲೂ ಸಿಗಲಿಲ್ಲ. ಹಾಗಾಗಿ ಹೊರದೇಶದಿಂದ ಅಲ್ಯೂಮಿನಿಯಂ ಬಾಡಿಯ, ಸ್ಪ್ರಿಂಗ್ ಬದಲಿಸಬಹುದಾದ ಆಕ್ಚುಯೇಟರ್ ತರಿಸಿದೆ. ಕಸ್ಟಮ್ಸ್ ಸೇರಿ ಸುಮಾರು ₹18,000 ಆಯಿತು. ಬ್ರ್ಯಾಂಡ್ ಹೆಸರು ಬರೆಯುತ್ತಿಲ್ಲ. ಈ ಬಗೆಯ ಆಕ್ಚುಯೇಟರುಗಳೆಲ್ಲ ಕೆಲಸ ಮಾಡುವ ರೀತಿ ಒಂದೇ, ಇಲ್ಲಿ ಬರೆದದ್ದು ಬಹುಪಾಲು ಎಲ್ಲಕ್ಕೂ ಅನ್ವಯಿಸುತ್ತದೆ. ಪೂರ್ತಿ ಎಕ್ಸ್‌ಟರ್ನಲ್ ವೇಸ್ಟ್‌ಗೇಟ್ (ಟರ್ಬೊದ ಹೊರಗೆ ಬೇರೆಯಾಗಿ ಕೂರುವ ಬಾಗಿಲು) ಹಾಕಿಸೋಣ ಅಂತಲೂ ಯೋಚಿಸಿದ್ದೆ. ಅದಕ್ಕೆ ಹೊಗೆ ಬರುವ ಕೊಳವೆಗಳ ಮ್ಯಾನಿಫೋಲ್ಡ್ ಕೊಯ್ದು ವೆಲ್ಡ್ ಮಾಡಬೇಕು. ದೊಡ್ಡ ಟರ್ಬೊ ಇದ್ದರೆ, ಹೊಗೆ ಹೊರಹಾಕಲು ಒಳಗಿನ ಬಾಗಿಲು ಸಾಲದೆ ಬೂಸ್ಟ್ ತಾನಾಗಿ ಏರುತ್ತಿದ್ದರೆ ಅದು ಬೇಕು. ದಿನಾ ಆಫೀಸಿಗೆ ಓಡುವ, ಕಂಪನಿಯ ಪುಟ್ಟ ಟರ್ಬೊ ಇರುವ ಕಾರಿಗೆ ಬೇಡ.

ಕೂರಿಸುವ ಕೆಲಸಕ್ಕೆ ಒಂದು ಭಾನುವಾರ ಪೂರ್ತಿ ಹಿಡಿಯಿತು. ಹೀಟ್ ಶೀಲ್ಡ್ ಬೋಲ್ಟುಗಳು ತುಕ್ಕು ಹಿಡಿದಿದ್ದವು. ಹಿಂದಿನ ರಾತ್ರಿಯೇ ಡಬ್ಲ್ಯೂಡಿ-40 ಹೊಡೆದು ಬಿಟ್ಟಿದ್ದರಿಂದ ಮುರಿಯದೆ ಬಂದವು. ರಾಡಿನ ತುದಿಯ ಸರ್ಕ್ಲಿಪ್ ತೆಗೆದ ಮೇಲೆ ಮೆಕ್ಯಾನಿಕ್ ಅಣ್ಣ ಬಾಗಿಲಿನ ಲಿವರ್ ಹಿಡಿದು ಆಡಿಸಿ, "ಸಾರ್, ನೀವೂ ಒಂದ್ಸಲ ಆಡಿಸಿ ನೋಡಿ" ಅಂದರು. ಬೆರಳಲ್ಲೇ ಸಲೀಸಾಗಿ ತಿರುಗಿತು, ಎಲ್ಲೂ ಹಿಡಿಯಲಿಲ್ಲ. ಲಿವರ್ ಬಿಗಿಯಾಗಿದ್ದರೆ ಅಥವಾ ಬುಷ್ ಸವೆದು ತುಂಬಾ ಲಟಪಟ ಅಂತಿದ್ದರೆ ಎಂಥ ಒಳ್ಳೆಯ ಆಕ್ಚುಯೇಟರ್ ಹಾಕಿದರೂ ದುಡ್ಡು ದಂಡ.

ಅಸಲು ವಿಷಯ ಇರುವುದು ರಾಡಿನ ಉದ್ದದಲ್ಲಿ. ಬಾಗಿಲು ಪೂರ್ತಿ ಮುಚ್ಚಿದಾಗ ರಾಡಿನ ಕಣ್ಣು ಲಿವರಿನ ಪಿನ್ನಿಗೆ ಸರಿಯಾಗಿ ಕೂರಬಾರದು, ಎರಡು ಮೂರು ಮಿಲಿಮೀಟರ್ ಗಿಡ್ಡ ಇರಬೇಕು. ಎಳೆದು ಸಿಕ್ಕಿಸಿದಾಗ ಸ್ಪ್ರಿಂಗ್ ಮೊದಲೇ ಅಷ್ಟು ಅದುಮಿರುತ್ತದೆ. ಇದಕ್ಕೆ ಪ್ರಿಲೋಡ್ ಅನ್ನುತ್ತಾರೆ. ನನ್ನದರಲ್ಲಿ ಎಂ6 ಥ್ರೆಡ್ ಇದೆ. ಒಂದು ಸುತ್ತು ತಿರುಗಿಸಿದರೆ ಒಂದು ಮಿಲಿಮೀಟರ್. ತಿರುಗಿಸುವಾಗ ರಾಡನ್ನು ಗಟ್ಟಿಯಾಗಿ ಹಿಡಿದಿರಬೇಕು, ಇಲ್ಲದಿದ್ದರೆ ಒಳಗೆ ಡಯಾಫ್ರಾಮ್ ತಿರುಚಿಕೊಂಡು ಹರಿಯುತ್ತದೆ. ಸಿಕ್ಕಿಸುವಾಗ ಇಕ್ಕಳದಲ್ಲಿ ಎಳೆದಾಡಬೇಡಿ. ಕೈಪಂಪಿನಿಂದ ಸ್ವಲ್ಪ ಗಾಳಿ ಕೊಟ್ಟರೆ ರಾಡ್ ತಾನೇ ಮುಂದೆ ಬಂದು ಪಿನ್ನಿನ ಮೇಲೆ ಕೂರುತ್ತದೆ.

ನಾನು ಮಾಡಿದ ತಪ್ಪು ಇಲ್ಲೇ. ಬಿಗಿ ಇದ್ದಷ್ಟೂ ಒಳ್ಳೆಯದು ಅಂತ ಐದು ಸುತ್ತು ಕೊಟ್ಟೆ. ಜೊತೆಗೆ ಪೆಟ್ಟಿಗೆಯಲ್ಲಿದ್ದ ಎರಡು ಸ್ಪ್ರಿಂಗಿನಲ್ಲಿ ಗಟ್ಟಿಯದನ್ನೇ ಹಾಕಿಸಿದೆ. ಮಾರನೇ ದಿನ ಬೆಳಗ್ಗೆ ನೆಲಮಂಗಲ ದಾಟಿ ಖಾಲಿ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಕಾಲೊತ್ತಿದೆ. ಮುಳ್ಳು 1.15 ಬಾರ್ ಮುಟ್ಟಿತು. ಮರುಕ್ಷಣ ಎಂಜಿನ್ ದೀಪ ಹತ್ತಿ ಗಾಡಿ ಜೀವ ಬಿಟ್ಟ ಹಾಗಾಯಿತು. ಕೋಡ್ ಪಿ0234, ಅಂದರೆ ಓವರ್‌ಬೂಸ್ಟ್. ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇಸಿಯು, ಎಂಜಿನ್ನನ್ನು ಕಾಪಾಡಿತು.

ಆವತ್ತು ಕಲಿತದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ಕಾರಿನಲ್ಲಿ ಆಕ್ಚುಯೇಟರ್ ಒಂದೇ ಬೂಸ್ಟ್ ನಿರ್ಧಾರ ಮಾಡುವುದಿಲ್ಲ. ನಡುವೆ ಒಂದು ಸೊಲೆನಾಯ್ಡ್, ಅಂದರೆ ವಿದ್ಯುತ್ತಿನಿಂದ ತೆರೆದು ಮುಚ್ಚುವ ವಾಲ್ವ್, ಇದೆ. ಆಕ್ಚುಯೇಟರಿಗೆ ಹೋಗುವ ಒತ್ತಡದಲ್ಲಿ ಒಂದು ಪಾಲನ್ನು ಇಸಿಯು ಅದರ ಮೂಲಕ ಸೋರಿಸುತ್ತದೆ. ಹಾಗೆ ಸೋರಿಸಿದಷ್ಟು ಬಾಗಿಲು ತಡವಾಗಿ ತೆರೆದು ಬೂಸ್ಟ್ ಏರುತ್ತದೆ. ಅಂದರೆ ಇಸಿಯು ಕೈಯಲ್ಲಿ ಬೂಸ್ಟನ್ನು ಸ್ಪ್ರಿಂಗಿನ ಮಟ್ಟದಿಂದ ಮೇಲಕ್ಕೆ ಏರಿಸಲು ಆಗುತ್ತದೆ, ಅದಕ್ಕಿಂತ ಕೆಳಗೆ ಇಳಿಸಲು ಆಗುವುದಿಲ್ಲ. ಸ್ಪ್ರಿಂಗೇ 0.9ರಲ್ಲಿ ತೆರೆಯುವಂತಿದ್ದರೆ, ಬಿಸಿಲಲ್ಲಿ ಎಂಜಿನ್ ನಾಕ್ ಆಗಿ (ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ತಾನಾಗಿ ಸಿಡಿದು) ಬೂಸ್ಟ್ ಇಳಿಸಬೇಕಾದಾಗ ಅದಕ್ಕೆ ದಾರಿಯೇ ಇರುವುದಿಲ್ಲ. ನಾಕ್ ಕೇಳಿಸಿಕೊಂಡು ವೇಸ್ಟ್‌ಗೇಟ್ ತೆರೆಯುವ ಈ ಉಪಾಯವನ್ನು ರಸ್ತೆ ಕಾರುಗಳಿಗೆ ತಂದದ್ದು ಸಾಬ್ ಕಂಪನಿ, 1980ರ ದಶಕದ ಶುರುವಿನಲ್ಲಿ. ಅಂಥ ಒಳ್ಳೆಯ ವ್ಯವಸ್ಥೆಯನ್ನು ಗಟ್ಟಿ ಸ್ಪ್ರಿಂಗ್ ಹಾಕಿ ಕಟ್ಟಿಹಾಕುವುದು ಸರಿಯಲ್ಲ. ಸೊಲೆನಾಯ್ಡ್ ತೆಗೆದು ಕೈಯಲ್ಲಿ ತಿರುಗಿಸುವ ಮ್ಯಾನ್ಯುವಲ್ ಬೂಸ್ಟ್ ಕಂಟ್ರೋಲರ್ ಹಾಕುವವರಿಗೂ ನನ್ನ ಮಾತು ಇದೇ. ₹2,000ಕ್ಕೆ ಸಿಗುತ್ತದೆ ನಿಜ, ಆದರೆ ಅದಕ್ಕೆ ನಾಕ್ ಕೇಳಿಸುವುದಿಲ್ಲ.

ಮೆತ್ತನೆಯ ಸ್ಪ್ರಿಂಗ್ ಹಾಕಿ, ಅರ್ಧರ್ಧ ಸುತ್ತು ಬಿಡುತ್ತಾ ಬಂದೆವು. ಕೊನೆಗೆ ಎರಡೂವರೆ ಸುತ್ತಿಗೆ ನಿಲ್ಲಿಸಿದೆವು. ಪಂಪಿನಲ್ಲಿ 0.5 ಬಾರ್‌ಗೆ ರಾಡ್ ಕದಲುತ್ತದೆ. ರಸ್ತೆಯಲ್ಲಿ 0.8ಕ್ಕೆ ಏರಿ, 5000 ಆರ್‌ಪಿಎಂನಲ್ಲೂ 0.7 ಇರುತ್ತದೆ. ಕಾರು ಮತ್ತೆ ಹಳೆಯ ಹಾಗೆ ಎಳೆಯಿತು. ಬೂಸ್ಟ್ ಒಂದು ಚೂರೂ ಜಾಸ್ತಿ ಮಾಡಿರಲಿಲ್ಲ. ಬಂದದ್ದು ಅಲ್ಲೇ ನಿಲ್ಲುವ ಹಾಗೆ ಮಾಡಿದ್ದೆವು, ಅಷ್ಟೇ.

ಓಬಿಡಿ ಡಾಂಗಲ್‌ನಲ್ಲಿ (ಇಸಿಯು ಮಾಹಿತಿಯನ್ನು ಫೋನಿಗೆ ಕಳಿಸುವ ಸಾಧನ) ಬೂಸ್ಟ್ ನೋಡುವವರು ಒಂದು ವಿಷಯ ಗಮನಿಸಿ. ಅದು ತೋರಿಸುವುದು ವಾತಾವರಣದ ಒತ್ತಡವೂ ಸೇರಿದ ಲೆಕ್ಕ. ಬೆಂಗಳೂರಿನಲ್ಲಿ ಎಂಜಿನ್ ಶುರು ಮಾಡದೆ ಕೀ ತಿರುಗಿಸಿದರೆ ನನ್ನ ಫೋನಿನಲ್ಲಿ 91 ಕೆಪಿಎ (0.91 ಬಾರ್) ಬರುತ್ತದೆ, ಮಂಗಳೂರಿನಲ್ಲಿ 101. ಬೆಂಗಳೂರು ಸಮುದ್ರಕ್ಕಿಂತ 900 ಮೀಟರ್‌ಗೂ ಜಾಸ್ತಿ ಎತ್ತರದಲ್ಲಿದೆಯಲ್ಲ. ಆಕ್ಚುಯೇಟರ್ ಡಯಾಫ್ರಾಮಿನ ಇನ್ನೊಂದು ಬದಿಗೆ ಇರುವುದು ಹೊರಗಿನ ಗಾಳಿ. ಹಾಗಾಗಿ ಅದೇ ಸ್ಪ್ರಿಂಗ್, ಅದೇ ಪ್ರಿಲೋಡ್ ಇದ್ದರೂ ಕರಾವಳಿಯಲ್ಲಿ ಎಂಜಿನ್ನಿಗೆ ಹೋಗುವ ಗಾಳಿ ಜಾಸ್ತಿ. ಇಲ್ಲಿ ಅಂಚಿನವರೆಗೆ ಬಿಗಿ ಮಾಡಿಕೊಂಡು ಘಾಟಿ ಇಳಿದರೆ ಅಲ್ಲಿ ಮಿತಿ ದಾಟಬಹುದು. ಸೆಟ್ಟಿಂಗ್ ಮಾಡುವಾಗ ಸ್ವಲ್ಪ ಕೈ ಹಿಡಿದು ಮಾಡಿ.

ದೊಡ್ಡ ತೊಂದರೆ ಕೊಟ್ಟದ್ದು ಒಂದೇ ಸಲ. ಆಕ್ಚುಯೇಟರ್ ಹಾಕಿಸಿದ ಎಂಟನೇ ತಿಂಗಳು, ಮಂಗಳೂರಿನಿಂದ ವಾಪಸ್ ಬರುತ್ತಾ ಶಿರಾಡಿ ಘಾಟಿ ಹತ್ತುತ್ತಿದ್ದೆ. ಮನೆಯವರೆಲ್ಲ ಕಾರಿನಲ್ಲಿದ್ದರು. ಲಾರಿಯೊಂದನ್ನು ದಾಟಲು ಕಾಲೊತ್ತಿದಾಗ ಹಿಂದಿನಿಂದ ಯಾರೋ ಹಿಡಿದು ಎಳೆದ ಹಾಗೆ ಕಾರು ಜಗ್ಗಿತು. ಮತ್ತೆ ಅದೇ ಪಿ0234. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಲು ಬಿಟ್ಟು ಬಾನೆಟ್ ಎತ್ತಿದೆ. ಆಕ್ಚುಯೇಟರಿಗೆ ಹೋಗುವ ಸಿಲಿಕಾನ್ ಹೋಸ್ ಹೀಟ್ ಶೀಲ್ಡಿಗೆ ತಾಗಿ ತಾಗಿ ಸೂಜಿ ಚುಚ್ಚಿದಂಥ ತೂತು ಬಿದ್ದಿತ್ತು. ಹೋಸ್ ಸೋರಿದರೆ ಬೂಸ್ಟ್ ಇಳಿಯುತ್ತದೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಈ ಹೋಸಿನ ವಿಷಯದಲ್ಲಿ ಆಗುವುದು ಉಲ್ಟಾ. ಆಕ್ಚುಯೇಟರಿಗೆ ಒತ್ತಡ ಮುಟ್ಟದಿದ್ದರೆ ಬಾಗಿಲು ತೆರೆಯುವುದಿಲ್ಲ, ಬೂಸ್ಟ್ ಏರುತ್ತಲೇ ಹೋಗುತ್ತದೆ. ₹600ರ ಹೋಸು ಎಂಜಿನ್ನನ್ನೇ ತೆಗೆಯಬಹುದು. ಡಿಕ್ಕಿಯಲ್ಲಿ ಒಂದು ತುಂಡು ಇತ್ತು, ಹಾಕಿಕೊಂಡು ಮೆಲ್ಲಗೆ ಸಕಲೇಶಪುರ ಸೇರಿದೆವು. ಆಮೇಲೆ ಹೋಸಿನ ದಾರಿ ಬದಲಿಸಿ, ಶಾಖ ತಡೆಯುವ ತೋಳು ಹಾಕಿಸಿ, ಎರಡೂ ತುದಿಗೆ ಕ್ಲಿಪ್ ಹಾಕಿಸಿದೆ. ನಾಲ್ಕು ವರ್ಷದಿಂದ ತಕರಾರಿಲ್ಲ.

ಎರಡನೇ ವರ್ಷ ರೀಮ್ಯಾಪ್ ಮಾಡಿಸಿ, ಅಂದರೆ ಇಸಿಯು ಸಾಫ್ಟ್‌ವೇರ್ ಬದಲಿಸಿ, ಬೂಸ್ಟನ್ನು 0.95 ಬಾರ್‌ಗೆ ಏರಿಸಿದೆ. ಶಕ್ತಿ ಅಳೆಯುವ ಡೈನೋ ಯಂತ್ರದ ಮೇಲೆ ಹತ್ತಿಸಿಲ್ಲ, ಆದ್ದರಿಂದ ಹಾರ್ಸ್‌ಪವರ್ ಲೆಕ್ಕ ಕೊಡುವುದಿಲ್ಲ. ಅಂದಿನಿಂದ 95 ಆಕ್ಟೇನ್ ಪೆಟ್ರೋಲೇ ಹಾಕುತ್ತೇನೆ. ಏಳು ತಿಂಗಳಿಗೆ ಹಳೆಯ ಕ್ಲಚ್ ಮೂರನೇ ಗೇರಿನಲ್ಲಿ ಜಾರಲು ಶುರುವಾಯಿತು, ಬದಲಿಸಬೇಕಾಯಿತು. ಮೈಲೇಜ್ ಊರಲ್ಲಿ 11, ಹೈವೇಯಲ್ಲಿ 15, ಮುಂಚಿನಷ್ಟೇ. ಇನ್ಶೂರೆನ್ಸ್ ಕಂಪನಿಗೆ ಬರೆದು ತಿಳಿಸಿದ್ದೇನೆ, ನೀವೂ ತಿಳಿಸಿ.

ಆಕ್ಚುಯೇಟರಿನ ಅಲ್ಯೂಮಿನಿಯಂ ಬಾಡಿಗೆ ಐದು ಮಳೆಗಾಲ ಏನೂ ಮಾಡಿಲ್ಲ. ಸ್ಟೀಲ್ ಅಂದುಕೊಂಡಿದ್ದ ರಾಡಿನ ತುದಿಯ ಕಣ್ಣು ಮಾತ್ರ ಮೂರು ವರ್ಷಕ್ಕೆ ಸವೆದು, ಬೆಳಗ್ಗೆ ಗಾಡಿ ಶುರು ಮಾಡಿದಾಗ ಕಿಣಿಕಿಣಿ ಅನ್ನುತ್ತಿತ್ತು. ಈ ಬೆಲೆಗೆ ಇನ್ನೂ ಗಟ್ಟಿ ಲೋಹ ಕೊಡಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ. ಬೇರೆ ಕಣ್ಣು ತರಿಸಿ ಹಾಕಿದ ಮೇಲೆ ಸದ್ದಿಲ್ಲ.

ಲಾಕ್ ನಟ್ ಮೇಲೆ ಅಡ್ಡಲಾಗಿ ಬಿಳಿ ಪೇಂಟಿನ ಗೆರೆ ಎಳೆದಿದ್ದೇವೆ, ನಟ್ ಸಡಿಲವಾದರೆ ಗೆರೆ ಮುರಿದು ಕಾಣುತ್ತದೆ. ಪ್ರತಿ ಆಯಿಲ್ ಬದಲಿಸುವಾಗ ಗೆರೆ ನೋಡಿ, ಕೈಪಂಪು ಸಿಕ್ಕಿಸುತ್ತೇವೆ. ಹೋದ ಭಾನುವಾರವೂ ನೋಡಿದೆವು. ಓಡೋಮೀಟರಿನಲ್ಲಿ 1,24,000. ಗೆರೆ ನೆಟ್ಟಗಿತ್ತು, ರಾಡ್ 0.5ಕ್ಕೇ ಕದಲಿತು.